ಹೇಸರಗತ್ತೆಗಳ ದನಿ ತೆಗೆದವರು

ನನ್ನ ಮಾವನನ್ನು ಬಸ್ ನಿಲ್ದಾಣದ ಸುತ್ತಮುತ್ತ ಎಲ್ಲರೂ ಚೀಲದ ತಾತ ಎಂದೇ ಕರೆಯುತ್ತಿದ್ದರು. ನಿಲ್ದಾಣದ ಹಿಂಬಾಗಿಲಿಗೆ ಎದುರಾಗಿ, ಫೋಟೊ ಸ್ಟುಡಿಯೊಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಆರಡಿ ಅಗಲದ ಅಂಗಡಿ ಅವರದು. ಹಿಡಿ ಕಿತ್ತುಹೋದ ಸೂಟ್‌ಕೇಸು, ಹೊಲಿಗೆ ಬಿಚ್ಚಿದ ಕೈಚೀಲ, ಬಾಯಿ ಮುಚ್ಚದ ಜಿಪ್ಪು, ಇಂಥವನ್ನು ಸರಿಮಾಡುವುದು ಕೆಲಸ. ಕೈ ಎಷ್ಟು ನಯವೋ ನಾಲಿಗೆ ಅಷ್ಟೇ ಒರಟು. ಗಿರಾಕಿಯನ್ನು ಬೈಯದೆ ಚೀಲ ಮುಟ್ಟಿದ್ದನ್ನು ನಾನು ನೋಡಿಲ್ಲ. "ಇದೇನು ಚೀಲಾನಾ, ಕಸದ ತೊಟ್ಟಿನಾ? ಒಳಗೆ ಬಾಳೆಹಣ್ಣು ಕೊಳೆತು ಗೊಬ್ಬರ ಆಗಿದೆ, ತೊಳ್ಕೊಂಡು ಬನ್ನಿ" ಎಂದು ವಾಪಸು ಕಳಿಸುತ್ತಿದ್ದರು. ಬೈಸಿಕೊಂಡವರೂ ಮತ್ತೆ ಅವರ ಹತ್ತಿರವೇ ಬರುತ್ತಿದ್ದರು, ಏಕೆಂದರೆ ಅವರು ಹಾಕಿದ ಹೊಲಿಗೆ ಚೀಲ ಹರಿದರೂ ಬಿಡುತ್ತಿರಲಿಲ್ಲ.

ತೊಗಲು ಹೊಲಿಯುವುದನ್ನು ಅವರು ಕಲಿತದ್ದು ಸೈನ್ಯದಲ್ಲಿ. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಹದಿನೆಂಟು ವರ್ಷ ಅವರ ಯುದ್ಧದ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಹಡಗಿನಲ್ಲಿ ಕಡಲು ದಾಟಿ ಹೋಗಿದ್ದರು, ಮೂರು ವರ್ಷ ಕಾಡಿನಲ್ಲಿದ್ದರು, ಸಾಮಾನು ಹೊರುವ ಪ್ರಾಣಿಗಳ ದಳದಲ್ಲಿದ್ದರು. ನನ್ನ ಗಂಡ ಚಿಕ್ಕವನಿದ್ದಾಗ, "ಅಪ್ಪಾ, ನೀನು ಎಷ್ಟು ಜನ ಶತ್ರುಗಳನ್ನ ಕೊಂದೆ?" ಎಂದು ಕೇಳಿ ಕಪಾಳಕ್ಕೆ ತಿಂದಿದ್ದನಂತೆ. ಆಮೇಲೆ ಯಾರೂ ಕೇಳಲಿಲ್ಲ. ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ಫೋನು ಬಂತೆಂದು ಯಾರಾದರೂ ಟಿ.ವಿ.ಯ ಸದ್ದು ಪೂರ್ತಿ ತೆಗೆದರೆ ಸಾಕು, ಊಟದ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದರು. ಪರದೆಯ ಮೇಲೆ ಜನ ಬಾಯಿ ತೆರೆದು ಮುಚ್ಚುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ. ವಯಸ್ಸಾಯಿತಲ್ಲ, ಏನೋ ಖಯಾಲಿ ಎಂದು ನಾವು ಸುಮ್ಮನಿದ್ದೆವು.

ಅವರಿಗೆ ಎಪ್ಪತ್ತೊಂಬತ್ತು ವರ್ಷವಾಗಿದ್ದಾಗ ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ ಅಂಗಡಿಗೆ ಬಂದರು. ಅವರೂ ಮಾವನ ದಳದವರೇ, ಅಲ್ಲಿ ಗುಮಾಸ್ತರಾಗಿದ್ದವರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಗತ್ತು. ನಾನು ಆಗ ಮಾವನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ.

"ನಮ್ಮ ಸಂಘಕ್ಕೆ ಐವತ್ತು ವರ್ಷ ತುಂಬ್ತು ಕಣಯ್ಯಾ. ಸ್ಮರಣ ಸಂಚಿಕೆ ತರ್ತಿದ್ದೀವಿ. ನಮ್ಮ ದಳದಲ್ಲಿ ಉಳಿದಿರೋರು ನಾವಿಬ್ಬರೇ. ನಿನ್ನ ನೆನಪು ಬರೆದುಕೊಡು" ಎಂದರು.

"ನೀನೇ ಬರಿ. ಗುಮಾಸ್ತ ನೀನು ತಾನೇ?"

"ನಾನು ಡೇರೆ ಒಳಗೆ ಟೈಪ್ ಮಾಡ್ಕೊಂಡು ಕೂತಿದ್ದೋನು. ಪ್ರಾಣಿಗಳ ಜೊತೆ ಇದ್ದೋನು ನೀನು."

ಮಾವ ದಾರಕ್ಕೆ ಮೇಣ ಉಜ್ಜುತ್ತಾ ಕೂತರು. ಕಾರ್ಯದರ್ಶಿ ಹೊರಟ ಮೇಲೆ ನನ್ನ ಕಡೆ ತಿರುಗಿ, "ನಾನು ಹೇಳಿದ್ದನ್ನ ಹೇಳಿದ ಹಾಗೇ ಬರೀತೀಯೇನಮ್ಮ?" ಎಂದರು.

ನಾನು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸಕ್ಕಿದ್ದೆ. ರೋಗಿ ಹೇಳಿದ್ದನ್ನು ಉಪ್ಪುಖಾರ ಹಚ್ಚದೆ ಬರೆಯುವುದೇ ನನ್ನ ಉದ್ಯೋಗ. ಹಾಗಾಗಿ ಒಪ್ಪಿಕೊಂಡೆ. ಒಂಬತ್ತು ದಿನ, ಸಂಜೆ ಐದಕ್ಕೆ ನಾನು ಕೆಲಸ ಮುಗಿಸಿ ಬಂದ ಮೇಲೆ, ಅಡುಗೆಮನೆಯ ಮೇಜಿನ ಮುಂದೆ ಕೂತು ಅವರು ಹೇಳಿದರು, ನಾನು ಬರೆದೆ.

ಹಡಗಿನಿಂದ ಶುರುಮಾಡಿದರು. "ಹಡಗು ಅಂದ್ರೆ ಜನ ಸಮುದ್ರ, ಗಾಳಿ, ಅಲೆ ಅಂತೆಲ್ಲ ಅಂದ್ಕೋತಾರೆ. ನಾನು ಸಮುದ್ರ ನೋಡಿದ್ದು ಹತ್ತೋವಾಗ ಒಂದ್ಸಲ, ಇಳಿಯೋವಾಗ ಒಂದ್ಸಲ. ನಡುವಿನ ಹದಿಮೂರು ದಿನ ನೋಡಿದ್ದು ಉಚ್ಚೆ."

ಹಡಗಿನ ತೀರಾ ಕೆಳಗಿನ ಅಂತಸ್ತಿನಲ್ಲಿ ಹೇಸರಗತ್ತೆಗಳನ್ನು ಭುಜಕ್ಕೆ ಭುಜ ತಾಗಿಸಿ ಕಟ್ಟಿದ್ದರಂತೆ. ಮಲಗಲು ಜಾಗವಿಲ್ಲ. ಲದ್ದಿ ಪಾದ ಮುಳುಗುವಷ್ಟು. ಉಚ್ಚೆಯ ಘಾಟಿಗೆ ಕಣ್ಣು ಉರಿದು ಪ್ರಾಣಿಗಳೂ ಅಳುತ್ತಿದ್ದವು, ನೋಡಿಕೊಳ್ಳುವವರೂ ಅಳುತ್ತಿದ್ದರು. ಕೂತು ತಿನ್ನಲು ಬೇರೆ ಜಾಗವಿಲ್ಲದೆ ಅಲ್ಲೇ ಬ್ರೆಡ್ಡು ತಿನ್ನಬೇಕು. ತಲೆಯ ಮೇಲಿನ ಅಂತಸ್ತಿನಲ್ಲಿ ಅಧಿಕಾರಿಗಳಿಗಾಗಿ ಬ್ಯಾಂಡು ಬಾರಿಸುತ್ತಿತ್ತು. "ಇವತ್ತಿಗೂ ಬ್ಯಾಂಡ್ ಸದ್ದು ಕೇಳಿದ್ರೆ ನನ್ನ ಮೂಗಿಗೆ ಉಚ್ಚೆ ವಾಸನೆ ಬರುತ್ತೆ" ಎಂದರು.

ಕಾಡಿಗೆ ಹೋದ ಮೇಲೆ ಒಬ್ಬೊಬ್ಬರ ವಶಕ್ಕೆ ನಾಲ್ಕು ಪ್ರಾಣಿ. ಮಾವನ ನಾಲ್ಕರಲ್ಲಿ ಒಂದಕ್ಕೆ ಅವರು 'ಅತ್ತೆ' ಎಂದು ಹೆಸರಿಟ್ಟಿದ್ದರು. ಬೂದು ಬಣ್ಣ, ಒಂದು ಕಿವಿಯ ತುದಿ ಸೀಳಿತ್ತು. ಮೇವು ಹಾಕುವುದು ಹತ್ತು ನಿಮಿಷ ತಡವಾದರೆ ಇಡೀ ಶಿಬಿರಕ್ಕೆ ಕೇಳುವ ಹಾಗೆ ಅರಚಿ ಅವರ ಮಾನ ಕಳೆಯುತ್ತಿತ್ತಂತೆ.

"ನಿಮ್ಮತ್ತೆಯೋರನ್ನ ನಾನಿನ್ನೂ ಮದುವೆ ಆಗಿರಲಿಲ್ಲ. ಅತ್ತೆ ಅಂದ್ರೆ ಹಿಂಗೇ ಇರ್ತಾರೆ ಅಂತ ಊಹೆ ಮಾಡಿ ಇಟ್ಟ ಹೆಸರು" ಎಂದು ನಕ್ಕರು. ಒಂಬತ್ತು ದಿನದಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಅತ್ತೆಗೆ ಕಡಿದಾದ ದಾರಿ ಎಂದರೆ ಆಗದು. ಮಾವ ಮುಂದೆ ನಡೆದರೆ ಮಾತ್ರ ಹಿಂದೆ ಬರುತ್ತಿತ್ತು, ಅದೂ ಮೂತಿಯನ್ನು ಅವರ ಬೆನ್ನಿಗೆ ಒತ್ತಿಕೊಂಡು. ಅವರ ಅಂಗಿಯ ಬೆನ್ನಿನ ಮೇಲೆ ಸದಾ ಅದರ ಜೊಲ್ಲಿನ ಕಲೆ.

ಎರಡನೆಯ ವರ್ಷ ಶತ್ರು ಪಕ್ಕದ ಗುಡ್ಡದ ಆಚೆಗೆ ಬಂದು ಕೂತ. ಹೇಸರಗತ್ತೆಯ ಕೂಗು ಎರಡು ಮೈಲಿ ದೂರಕ್ಕೆ ಕೇಳುತ್ತದೆ. ಮೇಲಿನಿಂದ ಹುಕುಂ ಬಂತು: ಎಲ್ಲ ಪ್ರಾಣಿಗಳ ದನಿ ತೆಗೆಯಬೇಕು.

"ದನಿ ತೆಗೆಯೋದು ಅಂದ್ರೆ?" ಎಂದು ಕೇಳಿದೆ. ನಿಜವಾಗಿಯೂ ನನಗೆ ಅರ್ಥವಾಗಿರಲಿಲ್ಲ.

ಮಾವ ತಮ್ಮ ಗಂಟಲ ಮೇಲೆ ಬೆರಳಿಟ್ಟರು. "ಗಂಟಲೊಳಗೆ ದನಿ ಹೊರಡಿಸೋ ಎರಡು ಪಟ್ಟಿ ಇರುತ್ತೆ. ಅದನ್ನ ಕೊಯ್ದು ತೆಗೆಯೋದು."

ದಳದ ಪಶುವೈದ್ಯ ಒಬ್ಬ ಕ್ಯಾಪ್ಟನ್. ಕೆಲಸ ಮಾಡುವಾಗ ಸಿಳ್ಳೆ ಹಾಕುವ ಮನುಷ್ಯ. ಮರದ ಕೆಳಗೆ ಹುಲ್ಲು ಹಾಸಿ, ಕಾಲಿಗೆ ಹಗ್ಗ ಕಟ್ಟಿ ಪ್ರಾಣಿಯನ್ನು ಕೆಡವಬೇಕು. ಔಷಧಿ ಹಾಕಿದ ಬಟ್ಟೆ ಮೂಗಿಗೆ ಹಿಡಿದು ಪ್ರಜ್ಞೆ ತಪ್ಪಿಸಬೇಕು. ಬಾಯಿಗೆ ಮರದ ತುಂಡು ಕೊಟ್ಟು ತೆರೆದಿಟ್ಟು, ಒಳಗೆ ಉದ್ದನೆಯ ಕತ್ತರಿ ಹಾಕಬೇಕು. ಒಂದು ಪ್ರಾಣಿಗೆ ಹತ್ತು ನಿಮಿಷ. ಬಕೆಟ್ಟಿನಲ್ಲಿ ರಕ್ತದ ಜೊತೆ ಸಣ್ಣ ಸಣ್ಣ ಬಿಳಿ ಚೂರುಗಳು. ಮಧ್ಯಾಹ್ನದ ಹೊತ್ತಿಗೆ ಬಕೆಟ್ಟಿನ ತುಂಬಾ ನೊಣ.

"ನೀವೇನು ಮಾಡ್ತಿದ್ರಿ ಮಾವ?"

"ತಲೆ ಹಿಡ್ಕೊಂಡಿದ್ದೆ" ಎಂದರು. ಹಾಗೇ ಬರೆದೆ.

ಎಚ್ಚರವಾದ ಮೇಲಿನದ್ದೇ ಅಸಹ್ಯ ಎಂದರು ಅವರು. ಗಾಯ ಮಾಯಿತು, ಮೇವು ತಿಂದವು, ಹೊರೆ ಹೊತ್ತವು. ಆದರೆ ಕೂಗುವುದನ್ನು ಮರೆಯಲಿಲ್ಲ. ಮೇವಿನ ಹೊತ್ತಿಗೆ ಅತ್ತೆ ಮೊದಲಿನಂತೆಯೇ ಕುತ್ತಿಗೆ ಚಾಚಿ, ಹಲ್ಲು ಕಾಣುವ ಹಾಗೆ ಬಾಯಿ ತೆರೆದು, ಹೊಟ್ಟೆ ಒಳಗೆ ಎಳೆದುಕೊಂಡು ಅರಚುತ್ತಿತ್ತು. ಹೊರಗೆ ಬರುತ್ತಿದ್ದದ್ದು ತೂತು ಬಿದ್ದ ಕುಲುಮೆಯ ತಿದಿಯಿಂದ ಬರುವಂಥ ಗಾಳಿ. ಒಂದು ಬಾರಿ ಕೂಗಿ, ಕಿವಿ ನಿಮಿರಿಸಿ, ತನ್ನ ದನಿ ಎಲ್ಲಿ ಹೋಯಿತೆಂದು ಕೇಳಿಸಿಕೊಳ್ಳುವಂತೆ ನಿಲ್ಲುತ್ತಿತ್ತಂತೆ. ಮತ್ತೆ ಬಾಯಿ ತೆರೆಯುತ್ತಿತ್ತು. ಇನ್ನೂರು ಪ್ರಾಣಿಗಳು ಸಾಲಾಗಿ ನಿಂತು ಸದ್ದಿಲ್ಲದೆ ಅರಚುವುದನ್ನು ಮಾವ ದಿನಕ್ಕೆರಡು ಬಾರಿ ಒಂದೂವರೆ ವರ್ಷ ನೋಡಿದರು.

"ಇದಕ್ಕೆ ಹೇಸರಗತ್ತೆ ಅಂತ ಹೆಸರಿಟ್ಟೋರು ಯಾರೋ. ಹೇಸಿಗೆ ನಾವು" ಎಂದರು.

ಯುದ್ಧ ಮುಗಿಯಿತು. ವಾಪಸು ಹೊರಡುವ ಹಡಗಿನಲ್ಲಿ ಪ್ರಾಣಿಗಳಿಗೆ ಜಾಗವಿಲ್ಲ ಎಂದು ಇನ್ನೊಂದು ಹುಕುಂ. ಅಧಿಕಾರಿಗಳು ಅಲ್ಲಿ ಮಾಡಿಸಿಕೊಂಡ ಮರದ ಬೀರು, ಕುರ್ಚಿಗಳಿಗೆ ಜಾಗವಿತ್ತು. ಅವನ್ನು ಗೋಣಿಯಲ್ಲಿ ಸುತ್ತಿ ಹೊಲಿದವರು ಮಾವನೇ. ಕಾಗದದಲ್ಲಿ ಟೈಪ್ ಮಾಡಿದ್ದ ಪದ 'ವಿಲೇವಾರಿ'. ಇನ್ನೂರ ಹದಿನಾಲ್ಕು ಪ್ರಾಣಿಗಳ ವಿಲೇವಾರಿ. ಹಳ್ಳದ ಅಂಚಿನಲ್ಲಿ ಎರಡು ದಿನ ಗುಂಡು ಹೊಡೆದರು. ಅವರವರ ಪ್ರಾಣಿಯನ್ನು ಅವರವರೇ ಕರೆತರಬೇಕು. ಬೇರೆಯವರು ಎಳೆದರೆ ಅವು ಬರುವುದಿಲ್ಲವಲ್ಲ. ಅತ್ತೆ ಬಂತು, ಮೂತಿಯನ್ನು ಮಾವನ ಬೆನ್ನಿಗೆ ಒತ್ತಿಕೊಂಡೇ ಬಂತು. ಸಾಲಿನಲ್ಲಿ ಮುಂದಿದ್ದವು ಬಿದ್ದಾಗ ಹಿಂದಿದ್ದವು ಬಾಯಿ ತೆರೆದವು. ಸದ್ದಿಲ್ಲ. ಎರಡನೆಯ ದಿನ ಮಧ್ಯಾಹ್ನ ಕ್ಯಾಪ್ಟನ್ ಕೈ ಒರೆಸಿಕೊಳ್ಳುತ್ತಾ, "ನೋಡಿದ್ರಾ, ಆವತ್ತು ಮಾಡಿದ್ದು ಇವತ್ತು ಎಷ್ಟು ಅನುಕೂಲ ಆಯ್ತು. ಗದ್ದಲಾನೇ ಇಲ್ಲ" ಎಂದನಂತೆ.

ಅದನ್ನು ಬರೆದು ಮುಗಿಸಿ ನಾನು ಹೋಗಿ ಮುಖ ತೊಳೆದುಕೊಂಡೆ. ಒಂಬತ್ತು ಸಂಜೆಯ ಬರಹವನ್ನು ಶುದ್ಧಪ್ರತಿ ಮಾಡಿ ಕಾರ್ಯದರ್ಶಿಗೆ ಕೊಟ್ಟುಬಂದೆ. ಮೂಲ ನೋಟ್‌ಬುಕ್ ನನ್ನ ಹತ್ತಿರವೇ ಉಳಿಯಿತು.

ಎರಡು ತಿಂಗಳ ನಂತರ ಸಂಚಿಕೆಯ ಒಂದು ಪ್ರತಿ ಬಂತು. ಬಿಡುಗಡೆ ಮಾರನೆಯ ದಿನವಿತ್ತು. ಮಾವ ಕನ್ನಡಕ ಹಾಕಿಕೊಂಡು ತಮ್ಮ ಲೇಖನ ತೆಗೆದರು. ಮೇಲೆ ದಪ್ಪಕ್ಷರದಲ್ಲಿ 'ಮೂಕಪ್ರಾಣಿಗಳ ಮಮತೆಯಲ್ಲಿ ಮೂರು ವರ್ಷ' ಎಂದಿತ್ತು. ನಾನು ಬರೆದ ಇಪ್ಪತ್ತೇಳು ಹಾಳೆ ನಾಲ್ಕು ಪುಟವಾಗಿತ್ತು. ಹಡಗಿನಲ್ಲಿ ಬ್ಯಾಂಡ್ ವಾದನವಿತ್ತು, ಉಚ್ಚೆಯಿರಲಿಲ್ಲ. ಅತ್ತೆ ಎಂಬ ತುಂಟ ಹೇಸರಗತ್ತೆಯ ತಮಾಷೆಗಳಿದ್ದವು. ಕೊನೆಯಲ್ಲಿ ಹೀಗಿತ್ತು: 'ಯುದ್ಧಾನಂತರ ಆ ಪ್ರಾಣಿಗಳನ್ನು ಸ್ಥಳೀಯ ರೈತರಿಗೆ ಪ್ರೀತಿಯಿಂದ ಒಪ್ಪಿಸಲಾಯಿತು. ಬೀಳ್ಕೊಡುವಾಗ ಆ ಮೂಕಪ್ರಾಣಿಗಳ ಕಣ್ಣಂಚಿನಲ್ಲೂ ನೀರು.'

ಮಾವ ಎದ್ದು ಬಚ್ಚಲಿಗೆ ಹೋದರು. ವಾಂತಿ ಮಾಡಿದ ಸದ್ದು ಕೇಳಿಸಿತು. ಬಾಯಿ ಒರೆಸಿಕೊಂಡು ಬಂದು, "ಮೂಕವಂತೆ. ಹುಟ್ಟಿದಾಗಿನಿಂದ ಮೂಕವಾಗಿದ್ದವಂತೆ. ಥೂ!" ಎಂದರು. "ನಡಿಯಮ್ಮ, ಅಂಗಡಿ ಚೂರಿ ತಗೊಂಡು ಹೋಗೋಣ."

ನಾನು ಹೆದರಿದೆ. "ಯಾರಿಗೆ ಚೂರಿ ಮಾವ?"

"ಯಾರಿಗೂ ಅಲ್ಲ. ಪುಸ್ತಕಕ್ಕೆ."

ನಾನು ಆಸ್ಪತ್ರೆಗೆ ಫೋನು ಮಾಡಿ ರಜೆ ಹೇಳಿದೆ. ಸಂಘದ ಕಚೇರಿಯಲ್ಲಿ ಜವಾನ ಒಬ್ಬನೇ ಇದ್ದ. ಕಾರ್ಯದರ್ಶಿ ಸಭಾಂಗಣಕ್ಕೆ ಕುರ್ಚಿ ಹಾಕಿಸಲು ಹೋಗಿದ್ದರು. "ಪುಟ ಸರಿಯಾಗಿದೆಯಾ ನೋಡಬೇಕು" ಎಂದು ಮಾವ ಹೇಳಿದ್ದನ್ನು ನಂಬಿ ಅವನು ಹಿಂದಿನ ಕೋಣೆಯ ಬಾಗಿಲು ತೆಗೆದುಕೊಟ್ಟ. ಕಂದು ಕಾಗದದಲ್ಲಿ ಕಟ್ಟಿದ ಮುನ್ನೂರು ಪ್ರತಿ. ಹೊಸ ಅಂಟಿನ ವಾಸನೆ. ನೆಲದ ಮೇಲೆ ಕೂತು ನಾನು ಪುಸ್ತಕವನ್ನು ನಲವತ್ತೊಂದನೆಯ ಪುಟಕ್ಕೆ ಬಿಡಿಸಿ ಒತ್ತಿ ಹಿಡಿಯುವುದು, ಅವರು ತೊಗಲು ಕೊಯ್ಯುವ ಚೂರಿಯಿಂದ ಎರಡು ಹಾಳೆಯನ್ನು ಬುಡದಲ್ಲೇ ಕೊಯ್ಯುವುದು. ಹೊಲಿಗೆ ಕಿತ್ತುಹೋಗದ ಹಾಗೆ, ಕೊಯ್ದದ್ದೇ ಗೊತ್ತಾಗದ ಹಾಗೆ ಕೊಯ್ಯುತ್ತಿದ್ದರು. ಆ ಸಿಟ್ಟಿನಲ್ಲೂ ಕೆಲಸ ಕೆಡಲಿಲ್ಲ.

ನೂರು ಮುಗಿದಿರಬಹುದು. ವಾತಾವರಣ ಹಗುರವಾಗಲಿ ಎಂದು ನಾನೇ ಬಾಯಿಬಿಟ್ಟೆ. "ನಾಳೆ ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳಬೇಡಿ ಮಾವ. ನಾನು ಬರೀ ಹಿಡ್ಕೊಂಡಿದ್ದೆ. ಕೊಯ್ದೋರು ನೀವೇ."

ಅವರ ಕೈ ನಿಂತಿತು. ಚೂರಿಯನ್ನು ನೆಲದ ಮೇಲಿಟ್ಟರು. ಹೊರಗೆ ಜವಾನ ರೇಡಿಯೊ ಹಾಕಿಕೊಂಡಿದ್ದ.

"ಮೊದಲ ದಿನ ಮಾತ್ರ ನಾನು ತಲೆ ಹಿಡಿದಿದ್ದು" ಎಂದರು.

ನನಗೆ ತಕ್ಷಣ ಹೊಳೆಯಲಿಲ್ಲ.

"ಕ್ಯಾಪ್ಟನ್ ಮೂವತ್ತೋ ನಲವತ್ತೋ ಮಾಡಿದ. ಆಮೇಲೆ ಭುಜ ನೋವು ಅಂದ. ನಿನ್ನ ಕೈ ನಯ ಇದೆ, ಜೀನು ಚೆನ್ನಾಗಿ ಹೊಲೀತೀಯ, ನೀನೇ ಮಾಡು ಅಂತ ಕತ್ತರಿ ಕೊಟ್ಟ. ಮಿಕ್ಕಿದ್ದೆಲ್ಲ ನಾನೇ ಮಾಡಿದ್ದು. ಅತ್ತೇದೂ ನಾನೇ."

"ಹುಕುಂ ಇತ್ತಲ್ಲ ಮಾವ. ಆಗಲ್ಲ ಅನ್ನೋಕಾಗ್ತಿತ್ತಾ?"

"ಒಬ್ಬ ಅಂದ. ನಮ್ಮ ಲಾಳ ಕಟ್ಟೋನು. ಮೊದಲು ಕತ್ತರಿ ಕೊಟ್ಟಿದ್ದು ಅವನಿಗೆ. ನನ್ನ ಕೈಲಾಗಲ್ಲ ಅಂತ ಕತ್ತರಿ ಕೆಳಗೆ ಹಾಕ್ದ. ಅವನಿಗೆ ಹದಿನೈದು ದಿನ ಪಾಯಿಖಾನೆ ತೊಳೆಯೋ ಶಿಕ್ಷೆ ಕೊಟ್ರು, ಅಷ್ಟೇ. ಗುಂಡೇನೂ ಹೊಡೀಲಿಲ್ಲ. ಅವನು ಹಾಕಿದ ಕತ್ತರೀನೇ ನನ್ನ ಕೈಗೆ ಬಂದಿದ್ದು." ಮತ್ತೆ, "ಇನ್ನೊಂದು ಹೇಳ್ತೀನಿ ಕೇಳು. ನನಗೆ ಹೆಮ್ಮೆ ಆಗಿತ್ತು. ಕ್ಯಾಪ್ಟನ್‌ಗಿಂತ ಬೇಗ ಮಾಡ್ತಿದ್ದೆ. ರಕ್ತ ಕಮ್ಮಿ ಬರ್ತಿತ್ತು. ಎಲ್ಲರೂ ಭೇಷ್ ಅಂದ್ರು. ನಾನು ಹಲ್ಲು ಕಿರಿದೆ" ಎಂದರು.

ನನಗೆ ಅವರ ಕೈ ನೋಡಲಾಗಲಿಲ್ಲ. ಇದೇ ಕೈ ನನ್ನ ಮಗಳ ಶಾಲೆಯ ಚೀಲ ಹೊಲಿದಿತ್ತು, ನನಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟಿತ್ತು. ಅವರು ಚೂರಿ ಎತ್ತಿಕೊಂಡರು. ನಾನು ಮುಂದಿನ ಪುಸ್ತಕ ಹಿಡಿದೆ. ಮೂರು ಗಂಟೆಯ ಹೊತ್ತಿಗೆ ಮುನ್ನೂರೂ ಮುಗಿದವು. ಪುಸ್ತಕಗಳನ್ನು ಮೊದಲಿನಂತೆ ಕಟ್ಟಿಟ್ಟು, ಕೊಯ್ದ ಹಾಳೆಗಳನ್ನು ಗೋಣಿಚೀಲಕ್ಕೆ ತುಂಬಿ ಹೊತ್ತುಕೊಂಡು ಬಂದೆವು.

ಬಿಡುಗಡೆ ಸಾಂಗವಾಗಿ ನಡೆಯಿತು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಭಾಷಣ ಮಾಡಿದ ಮೂವರೂ ಸಂಚಿಕೆಯನ್ನು ಓದಿದೆವು, ಕಣ್ಣು ತುಂಬಿಬಂತು ಎಂದರು. ಅವರಲ್ಲೊಬ್ಬರು ಮಾವನ ಲೇಖನವನ್ನು ಹೆಸರಿಸಿ ಹೊಗಳಿದರು. ನಲವತ್ತನೆಯ ಪುಟದಿಂದ ನಲವತ್ತೈದಕ್ಕೆ ನೆಗೆದ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ಹೊಗಳಿದರು. ಚಹಾ ಕುಡಿದು ಎಲ್ಲರೂ ಮನೆಗೆ ಹೋದರು.

ಗೊತ್ತಾದದ್ದು ಕಾರ್ಯದರ್ಶಿಗೆ ಮಾತ್ರ, ಅದೂ ಐದು ದಿನ ಬಿಟ್ಟು. ಸೀದಾ ಅಂಗಡಿಗೆ ಬಂದರು. ಆ ದಿನ ಶನಿವಾರ, ನಾನೂ ಅಲ್ಲಿದ್ದೆ.

"ನಿನಗೆ ಬುದ್ಧಿ ಇದೆಯೇನಯ್ಯಾ? ಚೆನ್ನಾಗಿರೋ ಪುಸ್ತಕ ಹಾಳು ಮಾಡಿದೆಯಲ್ಲ. ಆ ರಕ್ತ, ಬಕೆಟ್ಟು, ಹಳ್ಳ ಅದನ್ನೆಲ್ಲ ಮಕ್ಕಳು ಮರಿ ಓದಬೇಕಾ? ಊಟ ಸೇರುತ್ತಾ?"

"ನಮಗೆ ಸೇರಿತ್ತಲ್ಲ. ಹಳ್ಳದಿಂದ ಬಂದು ಆವತ್ತು ಇಬ್ಬರೂ ಸೂಪು ಕುಡಿದ್ವಿ. ನೀನು ಎರಡನೇ ಸಲ ಹಾಕಿಸ್ಕೊಂಡೆ."

ಕಾರ್ಯದರ್ಶಿಯ ಮುಖ ಕೆಂಪಾಯಿತು. "ನಾನೇನು ಮಾಡಿದ್ದೆ? ಹುಕುಂ ಟೈಪ್ ಮಾಡಿದ್ದು, ಅಷ್ಟೇ ತಾನೇ? ಕೊಟ್ಟಿದ್ದನ್ನ ಟೈಪ್ ಮಾಡೋದು ನನ್ನ ಕೆಲಸ."

"ಕೊಟ್ಟ ಕಾಗದದಲ್ಲಿ ಕೊಲ್ಲೋದು ಅಂತ ಇತ್ತು. ನಾನು ನೋಡಿದ್ದೆ. ವಿಲೇವಾರಿ ಅಂತ ಮಾಡಿದೋನು ನೀನು."

"ಅದು ಕಚೇರಿ ಭಾಷೆ!"

"ನೀನು ಭಾಷೆ ಚೆನ್ನಾಗಿ ಮಾಡ್ದೆ, ನಾನು ಗಂಟಲು ಚೆನ್ನಾಗಿ ಮಾಡ್ದೆ. ಇಬ್ಬರದೂ ಒಂದೇ ಕಸುಬು. ಹೋಗು, ನಿನ್ನ ನೋಡಿದ್ರೆ ನನ್ನ ಮುಖಾನೇ ನೋಡಿದ ಹಾಗಾಗುತ್ತೆ."

ಕಾರ್ಯದರ್ಶಿ ಇನ್ನೇನೋ ಹೇಳಲು ಬಾಯಿ ತೆರೆದರು, ಹೇಳದೆ ಹೊರಟುಹೋದರು. ಆಮೇಲೆ ಸಂಘದ ಪಟ್ಟಿಯಿಂದ ಮಾವನ ಹೆಸರು ತೆಗೆದರೆಂದು ಕೇಳಿದೆವು.

ಆ ಶನಿವಾರ ಸಂಜೆಯೇ ಮಾವ ನೋಟ್‌ಬುಕ್ ತರಿಸಿದರು. 'ತಲೆ ಹಿಡಿದುಕೊಂಡಿದ್ದೆ' ಎಂದು ಬರೆದಿದ್ದ ಸಾಲನ್ನು ನನ್ನಿಂದಲೇ ಹೊಡೆದುಹಾಕಿಸಿ, ನಡೆದದ್ದನ್ನು ಬರೆಸಿದರು. ಲಾಳ ಕಟ್ಟುವವನ ವಿಷಯ, ಭೇಷ್ ಎಂದದ್ದು, ಹಲ್ಲು ಕಿರಿದದ್ದು, ಯಾವುದನ್ನೂ ಬಿಡಲಿಲ್ಲ. "ಈಗ ನಿನ್ನ ಗಂಡನಿಗೆ ಓದೋಕೆ ಕೊಡು" ಎಂದರು.

ನನ್ನ ಗಂಡ ಒಂದೇ ಸಮನೆ ಕೂತು ಓದಿದ. ನೋಟ್‌ಬುಕ್ ಮುಚ್ಚಿ ನನ್ನ ಕೈಗೆ ಕೊಟ್ಟ. ಮಾರನೆಯ ದಿನದಿಂದ ಅಪ್ಪ ಊಟಕ್ಕೆ ಕೂತರೆ ಮಗನಿಗೆ ಹಸಿವಿರುತ್ತಿರಲಿಲ್ಲ. ಅಪ್ಪ ಕೋಣೆಗೆ ಬಂದರೆ ಮಗನಿಗೆ ಹೊರಗೆ ಕೆಲಸ. ಮಾವನಿಗೂ ಅದು ಕಾಣುತ್ತಿತ್ತು. "ಮಾತಾಡಿಸ್ತೀನಿ ಇರಿ ಮಾವ" ಎಂದರೆ, "ಬೇಡಮ್ಮ. ಹೇಸ್ಕೊಳ್ಳಲಿ. ಹೇಸಿಗೆ ಆಗಬೇಕಾದ್ದೇ" ಎಂದರು.

ಮೂರು ವಾರ ಹಾಗೇ ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ ಮಾವ ಅಂಗಳದಲ್ಲಿ ಕೂತು ಹಳೆಯ ಸೂಟ್‌ಕೇಸಿನ ಮೂಲೆ ಹೊಲಿಯುತ್ತಿದ್ದರು. ನನ್ನ ಗಂಡ ಬಂದು ಎದುರಿನ ಮೆಟ್ಟಿಲ ಮೇಲೆ ಕೂತ. ಹೊಲಿಯುವುದನ್ನು ಎಷ್ಟೋ ಹೊತ್ತು ನೋಡಿದ.

"ಅಪ್ಪಾ, ಆ ಕ್ಯಾಪ್ಟನ್ ಏನಾದ?"

"ವಾಪಸು ಬಂದು ಪಟ್ಟಣದಲ್ಲಿ ಆಸ್ಪತ್ರೆ ಇಟ್ಟ. ಸಾಕಿದ ನಾಯಿ, ಬೆಕ್ಕು ನೋಡ್ತಿದ್ದ. ಬಹಳ ಕರುಣೆ ಇರೋ ಡಾಕ್ಟರು ಅಂತ ಹೆಸರು ಮಾಡ್ದ. ಸತ್ತಾಗ ಪೇಪರಿನಲ್ಲಿ ಫೋಟೊ ಬಂದಿತ್ತು, ತೊಡೆ ಮೇಲೆ ನಾಯಿಮರಿ ಕೂರಿಸ್ಕೊಂಡಿದ್ದು." ಮಾವ ಪಕ್ಕಕ್ಕೆ ತಿರುಗಿ ಉಗಿದರು.

"ಲಾಳ ಕಟ್ಟೋನು?"

"ಗೊತ್ತಿಲ್ಲ ಕಣೋ. ಅವನನ್ನ ಹುಡುಕಿಕೊಂಡು ಹೋಗೋಕೆ ನನಗೆ ಮುಖ ಇರಲಿಲ್ಲ."

ನನ್ನ ಗಂಡ ಎದ್ದು ಹೋಗಲಿಲ್ಲ. ಸೂಟ್‌ಕೇಸು ಅಲ್ಲಾಡುತ್ತಿದ್ದದ್ದನ್ನು ನೋಡಿ, ಮುಖ ಸಿಂಡರಿಸಿಕೊಂಡೇ ಅದರ ಇನ್ನೊಂದು ತುದಿಯನ್ನು ಒತ್ತಿ ಹಿಡಿದ.